ಚೀಟಿಯಲ್ಲಿದ್ದದ್ದು ‘ಮೈಸೂರು’ ಎಂದಷ್ಟೇ

ಕಳೆದ ಬೇಸಿಗೆ ರಜೆಯಲ್ಲಿ, ಮೈಸೂರಿನ ನಮ್ಮ ಕಾಲೇಜಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಸಸ್ಯಮಾದರಿಗಳ ಸಂಗ್ರಹದಲ್ಲಿ, ಹಳೆಯ ಕಲ್ಲುಹೂವಿನ ಪೊಟ್ಟಣಗಳನ್ನು ವಿಂಗಡಿಸಿ ಹೊಸ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗಿಡಗಳನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸುವಂತೆ ಕಲ್ಲುಹೂವನ್ನು ಅಂಟಿಸುವುದಿಲ್ಲ. ಅದು ಕಚ್ಚಿಕೊಂಡಿದ್ದ ತೊಗಟೆಯ ಅಥವಾ ಕಲ್ಲಿನ ಚೂರಿನ ಸಮೇತ ಒಣಗಿಸಿ, ಕಾಗದದ ಪೊಟ್ಟಣದಲ್ಲಿಟ್ಟು, ಹೆಸರು, ಸಿಕ್ಕ ಜಾಗ, ತಂದವರು, ತಂದ ದಿನ ಎಲ್ಲವನ್ನೂ ಮೇಲೆ ಬರೆಯುತ್ತಾರೆ.

ಮೂರನೆಯ ದಿನ ಕೈಗೆ ಬಂದ ಪೊಟ್ಟಣದ ಮೇಲೆ ಹೀಗಿತ್ತು: ‘ಪಾರ್ಮೀಲಿಯ ಟಿಂಕ್ಟೋರಮ್. ಮೈಸೂರು. ಮರದ ತೊಗಟೆಯ ಮೇಲೆ.’ ತಂದವರ ಹೆಸರಿಲ್ಲ, ತಾರೀಖಿಲ್ಲ. ಬಿಚ್ಚಿದೊಡನೆ ಮಸಾಲೆ ಡಬ್ಬಿಯ ನವಿರಾದ ವಾಸನೆ ಬಂತು. ಅಂಗೈಯಗಲದ ಬೂದುಬಣ್ಣದ ತುಣುಕು. ಮಸೂರದಡಿ ನೋಡಿದರೆ ಮೈತುಂಬ ಸೂಜಿಮೊನೆಯಂಥ ಸಣ್ಣ ಕುಡಿಗಳು, ಮಗುಚಿದರೆ ಕಪ್ಪು ತಳ, ಅಂಚಿಗೆ ಕಂದು ಪಟ್ಟಿ. ಬ್ಲೇಡಿನಿಂದ ಮೇಲ್ಪದರವನ್ನು ಕೆರೆದು, ಒಳಗಿನ ಬಿಳಿಯ ಪದರಕ್ಕೆ ಹೊಸದಾಗಿ ಕಲಸಿದ ಬ್ಲೀಚಿಂಗ್ ದ್ರಾವಣದ ಒಂದು ಹನಿ ಇಟ್ಟೆ. ಕುಂಕುಮದಂತೆ ಕೆಂಪಾಗಿ, ನೋಡುತ್ತಿರುವಂತೆಯೇ ಮಾಸಿತು. ಅದು ಈ ಪ್ರಭೇದದಲ್ಲಿರುವ ಲೆಕನೋರಿಕ್ ಆಮ್ಲದ ಗುರುತು. 1974ರಲ್ಲಿ ಅಮೆರಿಕದ ಕಲ್ಲುಹೂವು ತಜ್ಞ ಮೇಸನ್ ಹೇಲ್ ಇದನ್ನು ಪಾರ್ಮೋಟ್ರೀಮ ಕುಲಕ್ಕೆ ಸೇರಿಸಿದ್ದರಿಂದ ಕುಲದ ಹೆಸರನ್ನು ಬದಲಿಸಬೇಕಿತ್ತು. ಅದನ್ನು ಬಿಟ್ಟರೆ ಬರೆದವರ ಗುರುತಿಸುವಿಕೆ ಸರಿಯಾಗಿಯೇ ಇತ್ತು.

ತೊಡಕಾದದ್ದು ಜಾಗ. ಒಳಮಡಿಕೆಗೆ ಹಳೆಯ ವೃತ್ತಪತ್ರಿಕೆಯ ತುಂಡು ಹಾಕಿದ್ದರು. ಅದರ ಜಾಹೀರಾತೊಂದರಲ್ಲಿ ಬೆಲೆ ‘ನಯಾ ಪೈಸೆ’ಯಲ್ಲಿತ್ತು. ಆ ಹೆಸರು ಚಲಾವಣೆಗೆ ಬಂದದ್ದು 1957ರಲ್ಲಿ, ‘ನಯಾ’ ಬಿಟ್ಟುಹೋದದ್ದು 1964ರಲ್ಲಿ. ಆಗ ಮೈಸೂರೆಂದರೆ ಊರೂ ಹೌದು, ಜಿಲ್ಲೆಯೂ ಹೌದು, ಬೀದರಿನಿಂದ ಕೊಡಗಿನವರೆಗಿನ ಇಡೀ ರಾಜ್ಯವೂ ಹೌದು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಚಿಕ್ಕಮಗಳೂರಿನ ಕಾಫಿ ತೋಟದ ಮರದಿಂದ ಬಿಡಿಸಿದ ತುಣುಕಿಗೂ ಆ ಒಂದೇ ಪದ ಸಲ್ಲುತ್ತಿತ್ತು.

“ಚಾಮುಂಡಿಬೆಟ್ಟ ಅಂತ ಬರೆದುಬಿಡಿ ಮೇಡಂ, ಅಲ್ಲಿಂದಲೇ ತಂದಿರ್ತಾರೆ” ಎಂದರು ಜೊತೆಗಿದ್ದ ಹಿರಿಯ ಅಟೆಂಡರ್. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು, ಆದರೆ ನನಗೆ ಕೈ ಬರಲಿಲ್ಲ. ಕಲ್ಲುಹೂವಿಗೆ ಬೇರಿಲ್ಲ, ಗಾಳಿ, ಮಂಜು, ಮಳೆಯಿಂದಲೇ ಬೇಕಾದುದನ್ನು ಹೀರುತ್ತದೆ. ಗಂಧಕದ ಹೊಗೆ ಹೆಚ್ಚಿದ ಕಡೆ ಎಷ್ಟೋ ಪ್ರಭೇದಗಳು ಉಳಿಯುವುದಿಲ್ಲ. ಹಾಗಾಗಿ ಮುಂದೊಂದು ದಿನ ಯಾರಾದರೂ ಈ ಚೀಟಿಯನ್ನು ನಂಬಿ ಬೆಟ್ಟದ ಮರಗಳನ್ನು ಹುಡುಕಿ, ಅಲ್ಲಿ ಎಂದೂ ಇಲ್ಲದಿದ್ದದ್ದನ್ನು ಈಗ ಅಳಿದುಹೋಗಿದೆ ಎಂದು ಬರೆದರೆ ಆ ತಪ್ಪು ನನ್ನದೇ ಆಗುತ್ತದೆ. ಹೊಸ ಚೀಟಿಯಲ್ಲಿ ‘ಮೈಸೂರು, ಮೂಲ ಚೀಟಿಯಲ್ಲಿರುವಂತೆ; ಊರೋ ಜಿಲ್ಲೆಯೋ ರಾಜ್ಯವೋ ಸ್ಪಷ್ಟವಿಲ್ಲ’ ಎಂದು ಬರೆದು, ಹಳೆಯ ಚೀಟಿಯನ್ನೂ ಪತ್ರಿಕೆಯ ತುಂಡನ್ನೂ ಅದೇ ಪೊಟ್ಟಣದೊಳಗೆ ಇಟ್ಟೆ.

ಮರುದಿನ ಭಾನುವಾರ, ಬೆಳಗಿನ ತಂಪಿನಲ್ಲಿ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದೆ. ನಂದಿಗಿಂತ ತುಸು ಕೆಳಗೆ, ಗಾಳಿಗೆ ಮುರಿದುಬಿದ್ದ ಕೊಂಬೆಯೊಂದರ ಮೇಲೆ ಅದೇ ಬೂದುಬಣ್ಣ, ಅವೇ ಸಣ್ಣ ಕುಡಿಗಳು ಕಂಡವು. ಮುಟ್ಟಲಿಲ್ಲ. ಮೆಟ್ಟಿಲ ಮೇಲೆಯೇ ಕೂತು, ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶ ನೋಡಿ, ಕೊಂಬೆ ಯಾವ ಮರದ್ದು, ಕಲ್ಲುಹೂವು ಅದರ ಯಾವ ಮಗ್ಗುಲಲ್ಲಿತ್ತು ಎಂಬುದನ್ನೂ ತಾರೀಖನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.