ಹೆಬ್ಬೆರಳಿಗೆ ಸಿಕ್ಕಿದ ಉಬ್ಬು

23 ನವೆಂಬರ್ 2024, ಶನಿವಾರ, ಶಿವಮೊಗ್ಗ

ಎರಡು ದಿನದ ಜಲವಿದ್ಯುತ್ ಸಮ್ಮೇಳನ ಇವತ್ತು ಮುಗಿಯಿತು. ನಿಂತೂ ನಿಂತೂ ಕಾಲು ಬಿದ್ದುಹೋಗಿದೆ. ಜಲವಿದ್ಯುತ್ ಯಂತ್ರದ ಭಾಗ ರಿಪೇರಿ ಮಾಡುವ ನಾವು ನಾಲ್ಕು ಜನ. ಸಿಕ್ಕಿದ ಮಳಿಗೆ ಕೈ ತೊಳೆಯುವ ಜಾಗದ ಪಕ್ಕದ್ದು. ಮೊದಲು ಬೇಜಾರಾಗಿತ್ತು, ಆದರೆ ಉಂಡವರೆಲ್ಲ ಒದ್ದೆ ಕೈಯಲ್ಲಿ ನಮ್ಮೆದುರೇ ಹಾದುಹೋಗಬೇಕಲ್ಲ!

ಕರಪತ್ರ ಯಾರಿಗೂ ಬೇಡ. ಜನರನ್ನು ನಿಲ್ಲಿಸಿದ್ದು ಮೇಜಿನ ಮೇಲಿಟ್ಟ ಪೆಲ್ಟನ್ ಬಕೆಟ್, ಅಂದರೆ ಕರೆಂಟು ತೆಗೆಯಲು ನೀರು ತಿರುಗಿಸುವ ಚಕ್ರದ ಅಂಚಿನ ಸುತ್ತ ಕೂರುವ ಬಟ್ಟಲುಗಳಲ್ಲಿ ಒಂದು, ಚಿಕ್ಕ ಯಂತ್ರದ್ದು. ಎರಡು ಬೋಗುಣಿ ಜೋಡಿಸಿದಂಥ ಸ್ಟೀಲಿನ ತುಂಡು, ನಡುವೆ ಚೂಪಾದ ಏಣು. ನಾಝಲ್‌ನಿಂದ ಚಿಮ್ಮಿದ ನೀರು ಆ ಏಣಿಗೆ ಬಡಿದು ಇಬ್ಭಾಗವಾಗಿ, ಬೋಗುಣಿಯ ಮೈಗುಂಟ ಹೊರಳಿ ಹಿಂದಕ್ಕೆ ಹೋಗುತ್ತದೆ. ಚಕ್ರ ತಿರುಗುವುದು ಆ ಹೊರಳಿನ ಬಲಕ್ಕೆ. ಏಣು ಮೊಂಡಾದರೆ ಅಷ್ಟೇ ನೀರಿಗೆ ಕರೆಂಟು ಕಡಿಮೆ. ಸವೆದ ಕಡೆ ವೆಲ್ಡಿಂಗ್ ತುಂಬಿ, ಗ್ರೈಂಡ್ ಮಾಡಿ ಮೊದಲಿನ ಆಕಾರಕ್ಕೆ ತರುವುದು ನಮ್ಮ ಕಸುಬು. ಇದು ಕನ್ನಡಿ ಥರ ಹೊಳೆಯಬೇಕೆಂದು ಯಜಮಾನರು ಎರಡು ರಾತ್ರಿ ಪಾಲಿಶ್ ಹೊಡೆಸಿದ್ದರು.

ಒಳಗೆ ಸಭಾಂಗಣದಲ್ಲಿ ಬೆಳಗಿನಿಂದ ಪಂಪ್ಡ್ ಸ್ಟೋರೇಜಿನದೇ ಮಾತು. ತಳಕಳಲೆ-ಗೇರುಸೊಪ್ಪೆ ಜಲಾಶಯಗಳ ನಡುವಿನ 2000 ಮೆಗಾವಾಟ್ ಯೋಜನೆ: ಸೋಲಾರ್ ಹೆಚ್ಚಾದಾಗ ನೀರು ಮೇಲೆತ್ತುವುದು, ಬೇಡಿಕೆ ಏರಿದಾಗ ಇಳಿಸುವುದು. ಎತ್ತಲು ಸುರಿದಷ್ಟು ಕರೆಂಟು ಇಳಿಸಿದಾಗ ವಾಪಸು ಸಿಗುವುದಿಲ್ಲ, ಅದು ಬೇರೆ. ಸಾಗರದ ಹುಡುಗಿಯೊಬ್ಬಳು ಸಿಂಗಳೀಕದ ಕಾಡು ಏನಾಗುತ್ತದೆ ಎಂದು ಕೇಳಿದಳು. ಉತ್ತರದ ಬದಲು ಟೀ ಬಂತು. ನನಗದು ಸರಿಕಾಣಲಿಲ್ಲ.

ಊಟದ ಮೇಲೆ ಹಿರಿಯರೊಬ್ಬರು ಬಂದರು. ಶರಾವತಿ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತರಾದವರು. ಅಲ್ಲಿನ 103.5 ಮೆಗಾವಾಟಿನ 10 ಯಂತ್ರಗಳಲ್ಲಿ ಯಾವುದರ ಸದ್ದು ಯಾವುದೆಂದು ಈಗಲೂ ಹೇಳಬಲ್ಲರಂತೆ. ಪಂಚೆಗೆ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಬೋಗುಣಿಯೊಳಗೆ ಹೆಬ್ಬೆರಳು ಆಡಿಸಿದರು. ಒಂದು ಕಡೆ ನಿಲ್ಲಿಸಿದರು.

"ತಮ್ಮಾ, ಇಲ್ಲೊಂದು ಉಬ್ಬು ಉಳಿದಿದೆ."

"ಇಲ್ಲ ಸಾರ್, ಟೆಂಪ್ಲೇಟ್ ಹಿಡಿದೇ ತೆಗೆದದ್ದು."

"ಹಾಗಾದ್ರೆ ಈಗ ಹಿಡಿ, ನೋಡೋಣ."

ಬೋಗುಣಿಯ ಸರಿಯಾದ ಆಕಾರಕ್ಕೆ ಕತ್ತರಿಸಿದ ತಗಡು, ಅದೇ ಟೆಂಪ್ಲೇಟ್, ಒಳಗೆ ಕೂರಿಸಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟೆ. ಅವರ ಬೆರಳಿದ್ದ ಜಾಗದಲ್ಲಿ ಟೆಂಪ್ಲೇಟ್ ಒತ್ತಿ ಕೂತಿದೆ, ಅದರ ಎರಡೂ ಮಗ್ಗುಲಿಗೆ ಕೂದಲೆಳೆಯಷ್ಟು ಬೆಳಕು! ಯಜಮಾನರಿಗೆ ತಕ್ಷಣ ಕಾಫಿ ತರುವುದು ನೆನಪಾಯಿತು.

"ಲಿಂಗನಮಕ್ಕಿಯಲ್ಲಿ ಮಣ್ಣು ತಳಕ್ಕೆ ಕೂತು ನೀರು ಬರ್ತದೆ, ಬಚಾವು. ಹಿಮಾಲಯದ ಹೊಳೆಯ ಮರಳು ಬೆರೆತ ನೀರಾಗಿದ್ರೆ ಈ ಉಬ್ಬಿನ ಹಿಂದೆ ಗುಂಡಿ ಬೀಳ್ತಿತ್ತು ಮಾರಾಯ" ಎಂದು ಹೇಳಿ, ನಮ್ಮ ಕರಪತ್ರ ಒಂದನ್ನು ಮಡಚಿ ಜೇಬಿಗಿಟ್ಟುಕೊಂಡರು. ಎರಡು ದಿನದಲ್ಲಿ ಅದನ್ನು ಕೇಳಿ ಪಡೆದವರು ಅವರೊಬ್ಬರೇ.

ವಾಪಸು ಬರುವಾಗ ಬಕೆಟ್ಟು ಓಮ್ನಿಯ ಹಿಂಬದಿಯಲ್ಲಿ ಗೋಣಿಚೀಲದ ಮೇಲಿತ್ತು. ಮಾಚೇನಹಳ್ಳಿ ಬರುವ ತನಕ ಹುಡುಗರಿಬ್ಬರೂ ಸರದಿಯಂತೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದರು. ಕಿರಿಯವನಿಗೆ ಉಬ್ಬು ಸಿಕ್ಕಿತಂತೆ. ನನಗಿನ್ನೂ ಸಿಕ್ಕಿಲ್ಲ.