ಜೋಮಾಲೆ ಮನೆಗೆ ಬಂದಿತ್ತು, ಸಾಲ ಮಾತ್ರ ತೀರಿರಲಿಲ್ಲ

2018ರ ಆಗಸ್ಟ್ ಮಳೆಗೆ ಕೊಡಗಿನ ನಮ್ಮ ಕಾಫಿ ತೋಟದ ಒಂದು ಬದಿ ಕುಸಿದಾಗ ಅಮ್ಮನ ಚಿನ್ನದ ಸರ ಜೋಮಾಲೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು 85,000 ರೂಪಾಯಿ ತಂದಿದ್ದೆ. 2021ರಲ್ಲಿ ಕಾಳುಮೆಣಸು ಮಾರಿ ಅಸಲು, ಬಡ್ಡಿ ಎಲ್ಲವನ್ನೂ ತೀರಿಸಿದೆ. ಆ ವರ್ಷದ ಸುಗ್ಗಿ ಹಬ್ಬ ಹುತ್ತರಿಗೆ ಅಮ್ಮ ಅದೇ ಮಾಲೆ ಹಾಕಿಕೊಂಡು ಕದಿರು ತರಲು ಗದ್ದೆಗೆ ಬಂದಿದ್ದರು.

ಕಳೆದ ಜನವರಿಯಲ್ಲಿ ಮೋಟಾರಿಗೆಂದು ಸಾಲ ಕೇಳಲು ಹೋದೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯನ್ನೇ ನಂಬಿ ಕೂರುವ ಕಾಲ ಇದಲ್ಲ. ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು ಹೊತ್ತಿಗೆ ಸರಿಯಾಗಿ ಬೀಳಬೇಕು. "ನಿಮ್ಮ ಸಿಬಿಲ್ ಸರಿಯಿಲ್ಲ" ಎಂದರು ಬ್ಯಾಂಕಿನವರು. ಬಡ್ಡಿಯನ್ನು ಒಮ್ಮೆಯೂ ತಪ್ಪಿಸದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಾವೆಲ್ಲ ಸಿಬಿಲ್ ಎನ್ನುತ್ತೇವೆ, ಆದರೆ ನಮ್ಮ ಸಾಲ, ಮರುಪಾವತಿಯ ದಾಖಲೆ ಇಟ್ಟು ಅಂಕ ಕೊಡುವ ಇಂತಹ ಸಂಸ್ಥೆಗಳು ನಾಲ್ಕಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಉಳಿದವು. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಅಂಕ ಇಳಿಯುವುದಿಲ್ಲ. ಇಳಿಯುತ್ತದೆಂದು ಹೆದರಿ ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ.

ಮೊದಲು ಒಂದು ಸಂಸ್ಥೆಯ ವರದಿ ತೆಗೆದೆ. ಅಂಕ 300ರಿಂದ 900ರ ನಡುವೆ ಇರುತ್ತದೆ, ನನ್ನದು 580. ಆದರೆ ನೋಡಬೇಕಾದದ್ದು ಅಂಕವನ್ನಲ್ಲ, ಒಂದೊಂದು ಸಾಲದ ಕೆಳಗಿರುವ ತಿಂಗಳ ಚೌಕಗಳನ್ನು. ಪಾವತಿ ಎಷ್ಟು ದಿನ ತಡವಾಗಿದೆ ಎಂಬುದು ಅಲ್ಲಿರುತ್ತದೆ. ಚಿನ್ನದ ಸಾಲದ ಚೌಕಗಳಲ್ಲಿ 2021ರ ತನಕ ಸೊನ್ನೆಗಳು. ಸಾಲ ತೀರಿಸಿದ ಮೇಲೆ 30, 60, 90 ಎಂದು ಏರುತ್ತಾ ಹೋಗಿತ್ತು! ಖಾತೆ ಮುಚ್ಚಿದ್ದನ್ನು ಬ್ಯಾಂಕ್ ಶಾಖೆಯವರು ಆ ಸಂಸ್ಥೆಗೆ ತಿಳಿಸಿಯೇ ಇರಲಿಲ್ಲ. ಮಾಲೆ ನಮ್ಮ ಪೆಟ್ಟಿಗೆಯಲ್ಲಿ, ಅದರ ಸಾಲ ನನ್ನ ಹೆಸರಿನಲ್ಲಿ.

ಅಮ್ಮ ಕಾಫಿ ಮಾರಾಟದ ಚೀಟಿಗಳ ಜೊತೆ, ಸಾಲ ಪೂರ್ತಿ ತೀರಿದೆ ಎಂದು ಬ್ಯಾಂಕ್ ಕೊಟ್ಟ ಬೇಬಾಕಿ ಪತ್ರವನ್ನೂ ಜೋಪಾನವಾಗಿ ಇಟ್ಟಿದ್ದರು. ಅದರ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು, ವರದಿ ಕೊಟ್ಟ ಸಂಸ್ಥೆಯ ಜಾಲತಾಣದಲ್ಲೂ ದೂರು ದಾಖಲಿಸಿದೆ. ಬ್ಯಾಂಕ್ ಒಪ್ಪದೆ ಆ ಸಂಸ್ಥೆ ತಾನಾಗಿಯೇ ಏನನ್ನೂ ತಿದ್ದುವುದಿಲ್ಲ, ಆದ್ದರಿಂದ ಎರಡೂ ಕಡೆ ಬೆನ್ನು ಹತ್ತಬೇಕು. 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಇದೆ. ಅರ್ಜಿಯಲ್ಲಿ ಅದನ್ನೂ ಬರೆದೆ. 24ನೆಯ ದಿನ ತಿದ್ದುಪಡಿಯಾಯಿತು.

ಅಷ್ಟರಲ್ಲಿ ನಮ್ಮ ಗಿಡಗಳು ಹೂ ಬಿಟ್ಟಾಗಿತ್ತು. ಪಕ್ಕದ ತೋಟದವರು ತಮ್ಮ ಮೋಟಾರನ್ನು ಎರಡು ದಿನ ಕೊಟ್ಟದ್ದರಿಂದ ಈ ವರ್ಷದ ಫಸಲು ಉಳಿಯಿತು.

ನಿನ್ನೆ ಎರಡನೆಯ ಸಂಸ್ಥೆಯ ವರದಿ ತೆಗೆದೆ. ಅಲ್ಲಿ ಆ ಸಾಲ ಇನ್ನೂ ಹಾಗೆಯೇ ಇದೆ. ಬೇಬಾಕಿ ಪತ್ರದ ಇನ್ನೊಂದು ಪ್ರತಿ ಸಿದ್ಧವಾಗಿದೆ, ಸೋಮವಾರ ಮಡಿಕೇರಿಗೆ ಹೋಗುತ್ತೇನೆ.