ಎರಡು ದಿನ ಶಾಲೆ, ಮೂರು ದಿನ ಮನೆ: ಒಂದನೇ ಕ್ಲಾಸಿನ ಮೊದಲ ಆರು ವಾರ

ಕೆಲವು ಕ್ರೈಸ್ತ ಶಾಲೆಗಳಲ್ಲಿ ಮಗು ವಾರಕ್ಕೆ ಎರಡು ದಿನ ತರಗತಿಯಲ್ಲಿ, ಮೂರು ದಿನ ಮನೆಯಲ್ಲಿ ತಂದೆತಾಯಿಗಳ ಹತ್ತಿರ ಕಲಿಯುತ್ತದೆ. ವಾರಕ್ಕೆ ಎರಡೇ ದಿನ ಶಾಲೆ ಅಂದ ಕೂಡಲೇ ಹೆಚ್ಚಿನ ತಂದೆತಾಯಿಗಳು ಹಾಕುವ ಲೆಕ್ಕ ಒಂದೇ: ಉಳಿದ ಮೂರು ದಿನ ಕೂರಿಸಿ ಹೋಂವರ್ಕ್ ಮಾಡಿಸಿದರಾಯಿತು. ಎಡವಟ್ಟು ಅಲ್ಲಿಂದಲೇ ಶುರು. ವರ್ಷಕ್ಕೆ 36 ವಾರ ಅಂತ ಹಿಡಿಯಿರಿ. ತರಗತಿಯ ದಿನ 72, ಮನೆಯ ದಿನ 108. ಆ 108 ದಿನವನ್ನು ಹೋಂವರ್ಕ್ ಅಂತ ಕರೆದರೆ ಸಂಜೆಗೆ ತಳ್ಳುತ್ತೀರಿ, ಅರ್ಧ ಗಂಟೆಯಲ್ಲಿ ಮುಗಿಸಲು ನೋಡುತ್ತೀರಿ. ಅವು ಪಾಠದ ದಿನಗಳು. ಬೆಳಿಗ್ಗೆಯೇ ಕೂರಬೇಕು.

ಅಮೆರಿಕದಲ್ಲಿ ಈ ಪದ್ಧತಿಗೆ ‘ಯೂನಿವರ್ಸಿಟಿ ಮಾಡೆಲ್’ ಅನ್ನುವ ಹೆಸರಿದೆ. 1993ರಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಶುರುವಾದ ಒಂದು ಕ್ರೈಸ್ತ ಶಾಲೆಯಿಂದ ಅದು ಹಬ್ಬಿತು. ಕಾಲೇಜಿನವರ ಹಾಗೆ ಕೆಲವು ದಿನ ಕ್ಲಾಸಿಗೆ ಬರುವುದು, ಉಳಿದ ದಿನ ಹೊರಗೆ ಓದುವುದು. ದೊಡ್ಡ ಮಕ್ಕಳಿಗೆ ಹೆಸರು ಒಪ್ಪುತ್ತದೆ. ಆರು ವರ್ಷದ ಮಗು ತಾನಾಗಿ ಓದಿಕೊಳ್ಳುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತೇ ಇರಬೇಕು. ಸೇರಿಸುವ ಮುಂಚೆ ಮನೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಫೀಸಿನದಲ್ಲ, ವಾರಕ್ಕೆ ಮೂರು ಬೆಳಿಗ್ಗೆ ಯಾರು ಕೂರುತ್ತಾರೆ ಅನ್ನುವುದು. ತಂದೆ ಒಂದು ದಿನ, ತಾಯಿ ಎರಡು ದಿನ ಅಂತ ಹಂಚಿಕೊಂಡರೂ ನಡೆಯುತ್ತದೆ. ಆದರೆ ಒಂದೊಂದು ವಿಷಯ ಒಬ್ಬರ ಕೈಯಲ್ಲೇ ಇರಲಿ. ಗಣಿತ ಸೋಮವಾರ ಅಪ್ಪನಿಂದ, ಬುಧವಾರ ಅಮ್ಮನಿಂದ ಅಂತಾದರೆ ಮಗು ಎಲ್ಲಿ ನಿಂತಿತ್ತು ಅನ್ನುವುದು ಇಬ್ಬರಿಗೂ ಗೊತ್ತಿರುವುದಿಲ್ಲ.

ಕೆಲಸ ಹಂಚಿಕೆ ಹೀಗಿದ್ದರೆ ಸಲೀಸು: ಹೊಸದನ್ನು ಟೀಚರ್ ಕಲಿಸುತ್ತಾರೆ, ಮನೆಯಲ್ಲಿ ಅದು ಕೈಗೆ ಕೂರುತ್ತದೆ. ಮನೆಯಲ್ಲಿ ಹೊಸ ಪಾಠ ಮಾಡಲೇಬೇಕಾದ ವಾರ ಬಂದರೆ, ಅದನ್ನು ಹೇಗೆ ಹೇಳಿಕೊಡಬೇಕು, ಯಾವ ಪದ ಬಳಸಬೇಕು ಅನ್ನುವುದನ್ನು ಟೀಚರ್ ಹಾಳೆಯಲ್ಲಿ ಬರೆದು ಕಳಿಸಿರಬೇಕು. ಬರೆದಿಲ್ಲದಿದ್ದರೆ ಕೇಳಿ. ಊಹಿಸಬೇಡಿ.

ಗಣಿತದಲ್ಲಿ ಇದು ಹೇಗೆ ಕೆಡುತ್ತದೆ ನೋಡಿ. 8 + 5 ಇದೆ. ಕೆಲವು ಮಕ್ಕಳು ಒಂದರಿಂದ ಎಂಟರವರೆಗೆ ಕಡ್ಡಿ ಎಣಿಸಿ, ಮತ್ತೆ ಐದು ಎಣಿಸಿ, ಆಮೇಲೆ ಎಲ್ಲವನ್ನೂ ಮೊದಲಿಂದ ಎಣಿಸುತ್ತವೆ. ಮುಂದಿನ ಮೆಟ್ಟಿಲು, ಎಂಟನ್ನು ಮನಸ್ಸಿನಲ್ಲಿಟ್ಟು ಒಂಬತ್ತರಿಂದ ಎಣಿಸುವುದು. ಅದರ ಮೇಲಿನದು, ಐದರಿಂದ ಎರಡನ್ನು ತೆಗೆದು ಎಂಟಕ್ಕೆ ಕೊಟ್ಟು ಹತ್ತು ಮಾಡಿ, ಉಳಿದ ಮೂರನ್ನು ಸೇರಿಸುವುದು. ಟೀಚರ್ ಎರಡನೇ ಮೆಟ್ಟಿಲಿನಲ್ಲಿದ್ದಾರೆ ಅಂದುಕೊಳ್ಳಿ. ಬುಧವಾರ ಮನೆಯಲ್ಲಿ ಯಾರೋ ಪ್ರೀತಿಯಿಂದಲೇ ‘ಹೀಗೆ ಒಂದರ ಕೆಳಗೆ ಒಂದು ಬರಿ, ಮೂರು ಇಲ್ಲಿ, ಒಂದು ಕೈಯಲ್ಲಿ’ ಅಂತ ತೋರಿಸಿಬಿಡುತ್ತಾರೆ. ಉತ್ತರ ಸರಿ ಬರುತ್ತದೆ. ಕೈಯಲ್ಲಿಟ್ಟುಕೊಂಡ ಆ ಒಂದು ನಿಜಕ್ಕೂ ಹತ್ತು ಅನ್ನುವುದು ಮಗುವಿಗೆ ಗೊತ್ತಿಲ್ಲ. ಗುರುವಾರ ತರಗತಿಯಲ್ಲಿ ಐಸ್‌ಕ್ರೀಂ ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿಸುವಾಗ ‘ನನಗೆ ಬೇರೆ ಥರ ಗೊತ್ತು’ ಅಂತ ಕಡ್ಡಿ ಮುಟ್ಟುವುದಿಲ್ಲ. ಎರಡಂಕಿಯ ಕಳೆಯುವ ಲೆಕ್ಕ ಬಂದಾಗ ಇದರ ಸಾಲ ತೀರಿಸಬೇಕಾಗುತ್ತದೆ. ಒಂದನೇ ಕ್ಲಾಸಿಗೆ 20ರೊಳಗಿನ ಕೂಡುವುದು, ಕಳೆಯುವುದು, ಅದರಲ್ಲೂ 10ರೊಳಗಿನದು ತಡವರಿಸದೆ ಬರುವುದು, ಹತ್ತು ಮತ್ತು ಬಿಡಿ ಅಂದರೇನು ಅನ್ನುವುದು ಗಟ್ಟಿಯಾದರೆ ಸಾಕು. ಮನೆಯಲ್ಲಿ 100 ಕಡ್ಡಿ, ಹತ್ತು ರಬ್ಬರ್ ಬ್ಯಾಂಡ್, 20 ಗುಂಡಿ, 0ರಿಂದ 20ರವರೆಗೆ ಬರೆದ ಒಂದು ಉದ್ದ ಪಟ್ಟಿ ಇಟ್ಟುಕೊಳ್ಳಿ. ತರಗತಿಯಲ್ಲಿ ಇರುವ ಥರದ್ದೇ ಆದರೆ ಇನ್ನೂ ಒಳ್ಳೆಯದು.

ಇನ್ನು ವಸ್ತುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಜೇಬಿನ ಒಂದು ಫೋಲ್ಡರ್. ಎಡ ಜೇಬಿನ ಮೇಲೆ ‘ಮನೆಗೆ’, ಬಲ ಜೇಬಿನ ಮೇಲೆ ‘ಶಾಲೆಗೆ’. ವಾರದ ಯೋಜನೆಯ ಹಾಳೆ ಎಡಗಡೆ ಎಲ್ಲಕ್ಕೂ ಮುಂದೆ. ಮುಗಿದ ಹಾಳೆ ಮುಗಿದ ಕ್ಷಣವೇ ಬಲಕ್ಕೆ, ಅದೂ ಮಗುವಿನ ಕೈಯಿಂದಲೇ. ಮೇಜಿನ ಮೇಲೆ ‘ಆಮೇಲೆ ಇಡೋಣ’ ಅಂತ ಬಿಟ್ಟ ಹಾಳೆ ಶಾಲೆಗೆ ಹೋಗುವುದಿಲ್ಲ. ಅದು ಹೋಗದಿದ್ದರೆ ಮೂರು ದಿನ ಏನಾಯಿತು ಅನ್ನುವುದು ಟೀಚರಿಗೆ ತಿಳಿಯುವ ದಾರಿಯೇ ಇಲ್ಲ. ಉಳಿದಂತೆ ನಾಲ್ಕೈದು ದಪ್ಪ ಪೆನ್ಸಿಲ್, ರಬ್ಬರ್, ಮೆಂಡರ್, ಒಂದು ಟೈಮರ್. ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ಊರುವಂತಿರಲಿ; ಎಟುಕದಿದ್ದರೆ ಕಾಲ ಕೆಳಗೆ ಗಟ್ಟಿ ಪೆಟ್ಟಿಗೆ. ಕಾಲು ಜೋತಾಡುತ್ತಿದ್ದರೆ ಅಕ್ಷರವೂ ಜೋತಾಡುತ್ತದೆ. ಸೋಮಾರಿತನ ಅಂತ ಬೈಸಿಕೊಳ್ಳುವ ಎಷ್ಟೋ ಬರವಣಿಗೆ ಕುರ್ಚಿಯ ತಪ್ಪು.

ಮನೆಯ ದಿನ ಎಷ್ಟು ಹೊತ್ತು? ಹೆಚ್ಚುಕಡಿಮೆ ಎರಡೂವರೆ ಗಂಟೆ, ನಡುವಿನ ಬಿಡುವೂ ಸೇರಿ. ತರಗತಿಯಲ್ಲಿ ಸಾಲು ನಿಲ್ಲುವುದಕ್ಕೆ, ಪುಸ್ತಕ ಹಂಚುವುದಕ್ಕೆ, ಇನ್ನೊಬ್ಬರಿಗಾಗಿ ಕಾಯುವುದಕ್ಕೆ ಹೋಗುವ ಹೊತ್ತು ಮನೆಯಲ್ಲಿ ಇಲ್ಲ. ಬೈಬಲ್ ಪಾಠ 15 ನಿಮಿಷ, ಓದು 20, ಗಣಿತ 25, ಬರವಣಿಗೆ 10. ವಿಜ್ಞಾನ ಅಥವಾ ಚರಿತ್ರೆ ದಿನ ಬಿಟ್ಟು ದಿನ 20. ಕೊನೆಗೆ ದೊಡ್ಡವರು ಓದಿ ಹೇಳುವ ಪುಸ್ತಕ 15–20 ನಿಮಿಷ. ಎರಡು ಪಾಠದ ನಡುವೆ ಎದ್ದು ಓಡಾಡಲು ಹತ್ತು ನಿಮಿಷ. ನಾಲ್ಕು ಗಂಟೆ ಹಿಡಿಯುತ್ತಿದೆ ಅಂದರೆ ಎಲ್ಲೋ ಕಿತ್ತಾಟ ನಡೆಯುತ್ತಿದೆ. ಯಾವ ವಿಷಯದಲ್ಲಿ ಅಂತ ಎರಡು ವಾರ ಗಡಿಯಾರ ನೋಡಿ ಬರೆದಿಟ್ಟರೆ ಸಿಕ್ಕಿಬೀಳುತ್ತದೆ.

ಬೈಬಲ್ ಪಾಠವನ್ನು ಮೊದಲಿಗೇ ಇಟ್ಟಿರುವುದಕ್ಕೆ ಕಾರಣ ಇದೆ. ಕೊನೆಗೆ ಇಟ್ಟದ್ದು ಬಿದ್ದುಹೋಗುತ್ತದೆ. ಮಗುವಿನ ಶಾಲೆ ಕ್ರೈಸ್ತ ಶಾಲೆ ಅಂತ ಆರಿಸಿಕೊಂಡು, ಮನೆಯ ದಿನಗಳಲ್ಲಿ ಗಣಿತದ ಹಾಳೆ ತುಂಬಿಸಿ ಸತ್ಯವೇದ (ಬೈಬಲ್) ಬಿಟ್ಟರೆ ಮಗುವಿಗೆ ತಲುಪುವ ಪಾಠವೇ ಬೇರೆ. ಬೈಬಲಿನ ಧರ್ಮೋಪದೇಶಕಾಂಡ 6:7ನ್ನು ಇಂಥ ಶಾಲೆಗಳವರು ಮತ್ತೆ ಮತ್ತೆ ಎತ್ತುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆಯುವಾಗಲೂ ಮಕ್ಕಳಿಗೆ ಹೇಳಬೇಕಾದವರು ತಂದೆತಾಯಿಗಳೇ ಅನ್ನುವುದು ಅಲ್ಲಿದೆ.

ಬಾಯಿಪಾಠದ ಬೈಬಲ್ ವಚನದಲ್ಲಿ ಆಗುವ ಸಣ್ಣ ತೊಡಕೊಂದು ವರ್ಷವಿಡೀ ಕಾಡುತ್ತದೆ. ಶಾಲೆಯಲ್ಲಿ ಒಂದು ಭಾಷಾಂತರ, ಮನೆಯಲ್ಲಿ ಅಜ್ಜಿಯ ಕಾಲದ ಸತ್ಯವೇದ, ಚರ್ಚಿನ ಸಂಡೇ ಸ್ಕೂಲಿನಲ್ಲಿ ಮತ್ತೊಂದು. ದೇವರಿಗೆ ಒಂದರಲ್ಲಿ ‘ಯೆಹೋವನು’, ಇನ್ನೊಂದರಲ್ಲಿ ‘ಸರ್ವೇಶ್ವರ’. ಮಗು ಮೂರನ್ನೂ ಬೆರೆಸಿ ಹೇಳುತ್ತದೆ, ಮೂರು ಕಡೆಯೂ ತಪ್ಪಾಗುತ್ತದೆ. ಮೊದಲ ವಾರವೇ ಯಾವ ಭಾಷಾಂತರ ಅಂತ ಟೀಚರನ್ನು ಕೇಳಿ, ಆ ವರ್ಷಕ್ಕೆ ಅದನ್ನೇ ಹಿಡಿಯಿರಿ. ಸಂಡೇ ಸ್ಕೂಲಿನವರಿಗೂ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ವಚನವನ್ನು ನಾಲ್ಕು ತುಂಡು ಮಾಡಿ. ಸೋಮವಾರ ದೊಡ್ಡವರು ಹೇಳಿ, ಮಗು ಕೈಸನ್ನೆಯೊಂದಿಗೆ ಹೇಳುವುದು. ಬುಧವಾರ ನಡುನಡುವೆ ಒಂದೊಂದು ಪದ ಬಿಟ್ಟು ಮಗುವಿನಿಂದ ತುಂಬಿಸುವುದು. ಶುಕ್ರವಾರ ಒಬ್ಬನೇ ಅಥವಾ ಒಬ್ಬಳೇ. ಪ್ರತಿ ನಾಲ್ಕನೇ ವಾರ ಹೊಸದು ಬೇಡ, ಹಳೆಯದೇ. ಹಾಗೆ ಮಾಡಿದರೆ 36 ವಾರಕ್ಕೆ 27 ಹೊಸ ವಚನ. ಮೊದಲ ಯಶಸ್ಸು ಬೇಗ ಸಿಗಲಿ ಅಂದರೆ ಕೀರ್ತನೆ 117 ತೆಗೆದುಕೊಳ್ಳಿ. ಎರಡೇ ವಚನ, ಸತ್ಯವೇದದಲ್ಲೇ ಅತಿ ಚಿಕ್ಕ ಅಧ್ಯಾಯ. ‘ಒಂದು ಇಡೀ ಕೀರ್ತನೆ ಬರುತ್ತೆ’ ಅಂತ ಮಗು ಎಲ್ಲರಿಗೂ ಹೇಳಿಕೊಂಡು ಬರುತ್ತದೆ. ಆಮೇಲೆ ಐದು ವಚನದ 100, ಆರು ವಚನದ 23.

ವಚನದ ಕಾರ್ಡನ್ನೇ ಓದಿನ ಪಾಠ ಮಾಡುವ ಆಸೆ ಎಲ್ಲರಿಗೂ ಬರುತ್ತದೆ: ಒಂದೇ ಕಲ್ಲಿಗೆ ಎರಡು ಹಣ್ಣು. ಕನ್ನಡದಲ್ಲಿ ಮೊದಲ ತಿಂಗಳುಗಳಲ್ಲಿ ಅದು ಆಗದ ಮಾತು. ಕರ್ತನು, ಕ್ರಿಸ್ತನು, ಪ್ರಾರ್ಥನೆ, ಸ್ವರ್ಗ, ಸೃಷ್ಟಿ — ಒಂದೊಂದು ಪದದಲ್ಲೂ ಒತ್ತಕ್ಷರ ಇಲ್ಲವೇ ಅರ್ಕಾವತ್ತು. ಮಗು ಇನ್ನೂ ‘ಕಿ’ಗೂ ‘ಕೀ’ಗೂ ನಡುವಿನ ದೀರ್ಘ ಹುಡುಕುತ್ತಿದೆ, ದ, ಧ, ಥ ಮೂರೂ ಒಂದೇ ಥರ ಕಾಣುತ್ತಿವೆ. ಬಾಯಿಗೆ ಬಂದ ವಚನದ ಕಾರ್ಡ್ ಕೊಟ್ಟರೆ ಕಣ್ಣು ಅಕ್ಷರದ ಮೇಲೆ, ನಾಲಿಗೆ ನೆನಪಿನ ಮೇಲೆ ಓಡುತ್ತದೆ. ಓದು ಬಂತು ಅಂತ ಮನೆಯವರು ಹಿಗ್ಗುತ್ತಾರೆ. ಕಾರ್ಡಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿ ನೋಡಿ. ಮೊದಲಿಂದ ಹೇಳಿಕೊಂಡು ಬರದೆ ಮಗುವಿಗೆ ಗೊತ್ತಾಗುವುದಿಲ್ಲ. ವಚನ ಕಿವಿಯಿಂದ ಬರಲಿ. ಓದು ಕಾಗುಣಿತದ ಪದಗಳಿಂದ, ಆಮೇಲೆ ಅಕ್ಕ, ಅಪ್ಪ, ಅಮ್ಮ ಥರದ ಸಜಾತಿ ಒತ್ತಿನಿಂದ ಬರಲಿ. ವರ್ಷದ ಕೊನೆಯ ಹೊತ್ತಿಗೆ ಎರಡೂ ತಾವಾಗಿ ಸೇರುತ್ತವೆ.

ಓದಿಸುವಾಗ ಮಗು ಒಂದು ಪದದಲ್ಲಿ ನಿಂತರೆ ಬಾಯಿ ಬಿಗಿಹಿಡಿದು ಐದು ಎಣಿಸಿ. ಮೂರಕ್ಕೆ ಹೇಳಿಬಿಡುವುದು ದೊಡ್ಡವರ ಚಟ. ಐದಾದರೂ ಬರದಿದ್ದರೆ ಮೊದಲ ಅಕ್ಷರ ಮಾತ್ರ ತೋರಿಸಿ. ಒಂದು ಪುಟದಲ್ಲಿ 50 ಪದ ಇದ್ದು ಐದಕ್ಕಿಂತ ಹೆಚ್ಚು ಕಡೆ ನಿಂತರೆ ಪುಸ್ತಕ ಕಷ್ಟದ್ದು, ಹಿಂದಿನದಕ್ಕೆ ಹೋಗಿ.

ಬರವಣಿಗೆ ಮೂರು ಸಾಲು ಚೆನ್ನಾಗಿ ಬಂದರೆ ಮುಗಿಯಿತು. ಇನ್ನೊಂದು ಮಾತು: ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ವಚನವನ್ನು ಹತ್ತು ಸಲ ಬರೆಸಬೇಡಿ. ಯಾವ ವಚನದ ಮೇಲೆ ಮಗುವಿಗೆ ಬೇಸರ ಹುಟ್ಟಬಾರದೋ ಅದರ ಮೇಲೇ ಹುಟ್ಟುತ್ತದೆ.

ಈ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಅಂದರೆ ಮನೆಯ ಹಾಳೆಗಳು ಅಚ್ಚುಕಟ್ಟಾಗಿ ಬರುವುದು. ಎಲ್ಲ ಉತ್ತರ ಸರಿ, ಅಕ್ಷರ ದುಂಡು. ಟೀಚರ್ ಆ ಹಾಳೆ ನೋಡಿ ಮುಂದಿನ ಪಾಠ ತೆಗೆಯುತ್ತಾರೆ, ಮಗು ಅಲ್ಲೇ ಮುಳುಗುತ್ತದೆ. ಪಕ್ಕದಲ್ಲಿ ಕೂತವರು ರಬ್ಬರ್ ಹಿಡಿದಿದ್ದರು ಅನ್ನುವುದು ಹಾಳೆಯ ಮೇಲೆ ಕಾಣುವುದಿಲ್ಲ. ಅದಕ್ಕೆ ಹಾಳೆಯ ಮೂಲೆಯಲ್ಲಿ ಒಂದಕ್ಷರ ಗುರುತು ಹಾಕಿ: ತಾನೇ ಮಾಡಿದ್ದಕ್ಕೆ ‘ತಾ’, ಸಹಾಯ ಬೇಕಾದದ್ದಕ್ಕೆ ‘ಸ’, ಅತ್ತು ನಿಲ್ಲಿಸಿದ್ದಕ್ಕೆ ‘ನಿ’. ಮೂರು ಅಕ್ಷರ ಟೀಚರಿಗೆ ಉದ್ದದ ಪತ್ರಕ್ಕಿಂತ ಹೆಚ್ಚು ಹೇಳುತ್ತವೆ. ‘ನಿ’ ಬರೆಯಲು ನಾಚಿಕೆಪಡುವವರೇ ಹೆಚ್ಚು.

ವಾರ ವಾರಕ್ಕೆ ಏರಿಸಿಕೊಂಡು ಹೋಗುವ ಕ್ರಮ ಇದು. ಮೊದಲ ವಾರ ಬೈಬಲ್ ಪಾಠ, ಓದಿ ಹೇಳುವ ಪುಸ್ತಕ, ಫೋಲ್ಡರ್ ಅಭ್ಯಾಸ. ಒಂದು ಗಂಟೆ ಸಾಕು. ಎರಡನೇ ವಾರ ಓದು ಮತ್ತು ಗಣಿತ. ಮೂರನೇ ವಾರ ಬರವಣಿಗೆ. ನಾಲ್ಕರಿಂದ ಪೂರ್ತಿ. ಶಾಲೆ ಮೊದಲ ದಿನವೇ ಪೂರ್ತಿ ಯೋಜನೆ ಕೊಟ್ಟಿದ್ದರೆ ಟೀಚರ ಹತ್ತಿರ ಮಾತಾಡಿ, ಯಾವುದನ್ನು ಬಿಡಬಹುದು ಅಂತ ಕೇಳಿ. ಮುಂದೆಯೂ ದಿನ ಕೈಕೊಟ್ಟಾಗ ಬೈಬಲ್, ಓದು, ಗಣಿತ ಉಳಿಸಿ. ಬರವಣಿಗೆ ಅರ್ಧ ಮಾಡಿ. ಕತ್ತರಿಸಿ ಅಂಟಿಸುವ ಕೆಲಸ ಬಿಡಿ. ಬಿಟ್ಟದ್ದನ್ನು ಶನಿವಾರಕ್ಕೆ ತುಂಬಬೇಡಿ.

ತರಗತಿಯ ಒಂದು ದಿನ ತಪ್ಪಿದರೆ ಮಾತ್ರ ಲೆಕ್ಕ ಬೇರೆ. ಐದು ದಿನದ ಶಾಲೆಯಲ್ಲಿ ಅದು ಐದರಲ್ಲೊಂದು. ಇಲ್ಲಿ ವಾರದ ಹೊಸ ಪಾಠದ ಅರ್ಧ. ಜ್ವರ ಬಂದರೆ ಅಂದು ಸಂಜೆಯೇ ಟೀಚರನ್ನು ‘ಇವತ್ತು ಹೊಸದಾಗಿ ಕಲಿಸಿದ್ದು ಯಾವುದು?’ ಅಂತ ಕೇಳಿ, ಹುಷಾರಾದ ಮೇಲೆ ಅದೊಂದನ್ನು ಮಾತ್ರ ಮನೆಯಲ್ಲಿ ಹೇಳಿಕೊಡಿ. ಮನೆಯ ದಿನದಲ್ಲಿ ಜ್ವರ ಬಂದರೆ ಮಲಗಿಸಿ, ಅಷ್ಟೇ.

ಸೇರಿಸುವಾಗಲೇ ಕೇಳಬೇಕಾದವು ಇನ್ನೆರಡಿವೆ. ಸರ್ಕಾರದ ಕಾಗದದಲ್ಲಿ ಮಗು ಶಾಲೆಯ ವಿದ್ಯಾರ್ಥಿಯೋ, ಮನೆಯಲ್ಲಿ ಕಲಿಯುವ ಮಗುವೋ? ಹಾಜರಿ, ವರದಿ ಯಾರ ಹೊಣೆ ಅನ್ನುವುದು ಇದರ ಮೇಲೆ ನಿಂತಿದೆ. ಯಾವುದಾದರೂ ಸರಿ, ತಾರೀಖು, ವಿಷಯ, ಪುಟ, ನಿಮಿಷ ಅಂತ ಒಂದು ನೋಟುಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆದಿಡಿ. ಇನ್ನೊಂದು, ಶಾಲೆಯ ನಂಬಿಕೆಯ ಹೇಳಿಕೆಯನ್ನು, ಅಂದರೆ ಶಾಲೆ ಯಾವ ಬೋಧನೆಗಳನ್ನು ನಂಬುತ್ತದೆ ಅನ್ನುವ ಬರಹವನ್ನು, ಓದಿ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಯಾವ ವಯಸ್ಸಿಗೆ ಅನ್ನುವಂಥ ವಿಷಯದಲ್ಲಿ ಒಂದೊಂದು ಚರ್ಚಿನದು ಒಂದೊಂದು ಬೋಧನೆ. ಮಗು ತರಗತಿಯಲ್ಲಿ ಕೇಳಿಯೇ ಕೇಳುತ್ತದೆ. ಆಗ ಟೀಚರ್ ತಾವೇ ಉತ್ತರಿಸುತ್ತಾರೋ, ‘ಅಪ್ಪ ಅಮ್ಮನನ್ನು ಕೇಳು’ ಅಂತ ಮನೆಗೆ ಕಳಿಸುತ್ತಾರೋ ಅಂತ ಮೊದಲೇ ತಿಳಿದಿರಲಿ.

ಆರನೇ ವಾರದ ಕೊನೆಗೆ ಟೀಚರ ಜೊತೆ 20 ನಿಮಿಷ ಕೂರಿ. ಒಳ್ಳೆಯ ಹಾಳೆಗಳನ್ನು ಆರಿಸಿ ಒಯ್ಯಬೇಡಿ. ಸಮಯ ಬರೆದಿಟ್ಟ ನೋಟುಬುಕ್ಕು, ‘ಸ’ ಮತ್ತು ‘ನಿ’ ಗುರುತಿನ ಹಾಳೆಗಳು, ಯಾರೂ ಪಕ್ಕದಲ್ಲಿ ಕೂರದೆ ಅದೇ ವಾರ ಮಗು ಮಾಡಿದ ಒಂದು ಗಣಿತದ ಪುಟ — ಅಳಿಸದೆ, ತಿದ್ದದೆ.